ಹಳೇ ಕ್ರಿಮಿನಲ್ ಕೇಸಿನ ಜಡ್ಜ್‌ಮೆಂಟ್ ಕಾಪಿ ಬೇಕು, ಕೇಸ್ ನಂಬರೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡೋದು?

ಬದುವಿನಂಚು
ಎಲ್ಲರಿಗೂ ನಮಸ್ಕಾರ. 2013ರಲ್ಲಿ ನಮ್ಮೂರಲ್ಲಿ ಹೊಲದ ಬದುವಿನ ಮೇಲೆ ಜಗಳ ಆಯಿತು. ದೊಡ್ಡಪ್ಪ, ಅವರ ಇಬ್ಬರು ಮಕ್ಕಳು ಮತ್ತು ನಾನು, ನಾಲ್ಕೂ ಜನರ ಮೇಲೆ ಎದುರು ಪಾರ್ಟಿಯವರು ಕಂಪ್ಲೇಂಟ್ ಕೊಟ್ಟರು. ಸ್ಟೇಷನ್ನಿನಲ್ಲೇ ಜಾಮೀನು ಆಯಿತು. ಆಮೇಲೆ ನಾನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದೆ. 2016ರಲ್ಲಿ ದೊಡ್ಡಪ್ಪ ಫೋನ್ ಮಾಡಿ "ಕೇಸು ಖುಲಾಸೆ ಆಯ್ತು ಕಣಪ್ಪಾ" ಅಂದರು. ಅಲ್ಲಿಗೆ ಮರೆತುಬಿಟ್ಟೆ.

ಈಗ ಪಾಸ್‌ಪೋರ್ಟಿಗೆ ಹಾಕಿದ್ದೇನೆ. ಪೊಲೀಸ್ ವೆರಿಫಿಕೇಶನ್ನಿನಲ್ಲಿ "ನಿಮ್ಮ ಹೆಸರಲ್ಲಿ ಕೇಸ್ ತೋರಿಸುತ್ತಿದೆ, ಜಡ್ಜ್‌ಮೆಂಟ್ ಕಾಪಿ ತನ್ನಿ" ಅಂದರು. ದೊಡ್ಡಪ್ಪ ಈಗಿಲ್ಲ. ಕೇಸು ನಡೆಸಿದ ವಕೀಲರೂ ತೀರಿಕೊಂಡರು. ದೊಡ್ಡಪ್ಪನ ಮಕ್ಕಳ ಜೊತೆ ಆಸ್ತಿ ಭಾಗ ಆದಮೇಲೆ ಮಾತಿಲ್ಲ. ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ. ತಾಲ್ಲೂಕು ಕೋರ್ಟು ಅನ್ನೋದು ಬಿಟ್ಟರೆ ಏನೂ ಗೊತ್ತಿಲ್ಲ. ದಾರಿ ಹೇಳಿ.

ಸೀದಾಮಾತು
ಆರ್‌ಟಿಐ ಹಾಕಿ ಸರ್. 10 ರೂಪಾಯಿ, 30 ದಿನ. ಕೆಲಸ ಮುಗೀತು.

ಕರಿಕೋಟು
ಮುಗಿಯೋದಿಲ್ಲ. ಕೋರ್ಟಿನ ಫೈಲಿಗೆ ಆರ್‌ಟಿಐ ಹಾಕಿದರೆ "ನಕಲು ಅರ್ಜಿ ಹಾಕಿ" ಅಂತ ಹಿಂಬರಹ ಬರುತ್ತೆ, ಅಷ್ಟೇ. ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನ ಮಾಡಿದೆ. ಕೋರ್ಟಿನ ನಿಯಮದಲ್ಲೇ ಕಾಪಿ ಪಡೆಯುವ ದಾರಿ ಇರುವಾಗ ಆ ದಾರಿಯಲ್ಲೇ ಹೋಗಬೇಕು.

ಬದುವಿನಂಚು ಅವರೇ, ಮೊದಲು ಇ-ಕೋರ್ಟ್ಸ್ ಸೈಟಿನಲ್ಲೋ ಆ್ಯಪಿನಲ್ಲೋ ಹುಡುಕಿ. ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಆರಿಸಿಕೊಂಡು ಪಾರ್ಟಿ ಹೆಸರು, ವರ್ಷ ಹಾಕಿ. "ಪೆಂಡಿಂಗ್" ಮಾತ್ರ ಟಿಕ್ ಆಗಿದ್ದರೆ ಮುಗಿದ ಕೇಸು ಬರೋದಿಲ್ಲ, "ಬೋತ್" ಕೊಡಿ. ಅರ್ಧ ಜನ ಅಲ್ಲೇ ಎಡವುತ್ತಾರೆ.

ಬದುವಿನಂಚು
ಹುಡುಕಿದೆ ಸರ್. ನನ್ನ ಹೆಸರಲ್ಲಿ ಏನೂ ಬರಲಿಲ್ಲ. 2013, 2014, 2015 ಮೂರೂ ನೋಡಿದೆ.

ಮೂರಕ್ಷರ
ಸ್ಪೆಲ್ಲಿಂಗ್ ಬದಲಿಸಿ ನೋಡಿ. ಸೈಟಿನಲ್ಲಿ ಹೆಸರು ಇಂಗ್ಲಿಷಿನಲ್ಲಿರುತ್ತೆ. ಚಾರ್ಜ್‌ಶೀಟ್ ಕನ್ನಡದಲ್ಲಿ ಬಂದಿರುತ್ತೆ, ಟೈಪ್ ಮಾಡಿದವರು ತಮಗೆ ತೋಚಿದ ಹಾಗೆ ಇಂಗ್ಲಿಷಿಗೆ ಹಾಕಿರುತ್ತಾರೆ. ನನ್ನ ಮಾವನ ಹೆಸರು ಸಿದ್ದಪ್ಪ. ಒಂದು ಕಡೆ ಒಂದು "ಡಿ", ಇನ್ನೊಂದು ಕಡೆ ಎರಡು "ಡಿ", ಮತ್ತೊಂದು ಕಡೆ "ಡಿ" ಆದಮೇಲೆ "ಎಚ್". ಮೂರೂ ಅವರೇ. ಪೂರ್ತಿ ಹೆಸರು ಹಾಕಬೇಡಿ. ಮೊದಲ ಮೂರೋ ನಾಲ್ಕೋ ಅಕ್ಷರ ಹಾಕಿ ಪಟ್ಟಿ ಪೂರ್ತಿ ಕಣ್ಣಾಡಿಸಿ.

ಕರಿಕೋಟು
ಇನ್ನೊಂದು ವಿಷಯ. ಪೊಲೀಸರು ಹಾಕಿದ ಕೇಸಿನಲ್ಲಿ ಮೇಲೆ ಇರೋದು "ಕರ್ನಾಟಕ ರಾಜ್ಯ, ಇಂಥ ಠಾಣೆ ಮೂಲಕ" ಅಂತ. ಕೆಳಗೆ ಎ1 ಅಂದರೆ ಮೊದಲನೇ ಆರೋಪಿಯ ಹೆಸರು, "ಮತ್ತು ಇತರರು". ನೀವು ಎ3 ಅಥವಾ ಎ4 ಆಗಿದ್ದರೆ ಆ "ಇತರರು" ಒಳಗೆ ಇರುತ್ತೀರಿ. ದೊಡ್ಡಪ್ಪನ ಹೆಸರಲ್ಲಿ ಹುಡುಕಿ.

ಗುಲ್ಬರ್ಗಾ_ಮಂದಿ
ಕ್ರೈಂ ನಂಬರ್ ಸಿಕ್ಕರೆ ಎಲ್ಲಕ್ಕಿಂತ ಸುಲಭ. ನಮ್ಮ ಕಡೆ ಅದಕ್ಕೆ ಗುನ್ನೆ ನಂಬರ್ ಅಂತೀವಿ.

ಹಾಸನದ_ಹುಳಿ
ನಮ್ಮ ಕಡೆ ಮೊ.ನಂ. "ಮೊ" ಅಂದರೆ ಮೊಬೈಲ್ ಅಂದುಕೊಂಡು ಆ ನಂಬರಿಗೆ ಫೋನ್ ಮಾಡಿದ ಪುಣ್ಯಾತ್ಮ ನಾನು.

ಕಡಲಕರೆ
ಉಡುಪಿ, ಮಂಗಳೂರು ಕಡೆ ಅಪರಾಧ ಕ್ರಮಾಂಕ. ಎಲ್ಲ ಒಂದೇ ಮಾರಾಯ್ರೆ. ಸ್ಟೇಷನ್ ಹೆಸರು, ನಂಬರ್, ವರ್ಷ ಈ ಮೂರು ಬೇಕು.

ಹಳೇಶಿರಸ್ತೇದಾರ್
ಮೂವತ್ತು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ.

ಒಂದೇ ಕೇಸಿಗೆ ಬೇರೆ ಬೇರೆ ನಂಬರು ಇರುತ್ತೆ. ಜನ ಇಲ್ಲೇ ದಾರಿ ತಪ್ಪೋದು. ಠಾಣೆಯಲ್ಲಿ ಎಫ್‌ಐಆರ್ ಆದಾಗ ಕ್ರೈಂ ನಂಬರ್ ಹುಟ್ಟುತ್ತೆ. ಚಾರ್ಜ್‌ಶೀಟ್ ಬಂದು ಮ್ಯಾಜಿಸ್ಟ್ರೇಟರು ಕೇಸನ್ನು ದಾಖಲಿಸಿಕೊಂಡಾಗ ಸಿಸಿ ನಂಬರ್ ಬೀಳುತ್ತೆ. ಸೆಷನ್ಸ್‌ಗೆ ಹೋದರೆ ಎಸ್‌ಸಿ ನಂಬರ್. ಪೊಲೀಸರನ್ನು ಬಿಟ್ಟು ನೇರವಾಗಿ ಕೋರ್ಟಿಗೆ ಖಾಸಗಿ ದೂರು ಕೊಟ್ಟರೆ ಮೊದಲು ಪಿಸಿಆರ್ ನಂಬರ್. ಇವೆಲ್ಲದರ ಮೇಲೆ ಕಂಪ್ಯೂಟರ್ ಬಂದಮೇಲೆ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಯ ಒಂದು ನಂಬರ್. ನಮ್ಮ ರಾಜ್ಯದ್ದು "ಕೆಎ" ಇಂದ ಶುರು, ಆಮೇಲೆ ಜಿಲ್ಲೆ, ಕೋರ್ಟು, ಆರು ಅಂಕಿಯ ಕ್ರಮಸಂಖ್ಯೆ, ಕೊನೆಯ ನಾಲ್ಕು ಅಂಕಿ ವರ್ಷ. ಸಿಎನ್‌ಆರ್ ಸಿಕ್ಕರೆ ಜಿಲ್ಲೆ, ಕೋರ್ಟು ಏನೂ ಆರಿಸಬೇಕಿಲ್ಲ, ಸೀದಾ ಕೇಸಿಗೇ ಹೋಗುತ್ತೆ.

2013ರ ಎಫ್‌ಐಆರ್‌ಗೆ ಸಿಸಿ ನಂಬರ್ 2014ರದ್ದಾಗಿರಬಹುದು. ವರ್ಷಕ್ಕೆ ಅಂಟಿಕೊಳ್ಳಬೇಡಿ. ಹೆಸರಿನಲ್ಲಿ ಸಿಗದಿದ್ದರೆ ಅದೇ ಸೈಟಿನಲ್ಲಿ ಎಫ್‌ಐಆರ್ ನಂಬರ್ ಮೇಲೆ ಹುಡುಕುವ ಜಾಗ ಇದೆ. ಠಾಣೆ ಆರಿಸಿ, ನಂಬರ್, ವರ್ಷ ಕೊಡಿ. ಒಂದೇ ಎಫ್‌ಐಆರ್‌ನಿಂದ ಎರಡು ಕೇಸು ಹುಟ್ಟಿದ್ದರೂ ಅಲ್ಲಿ ಎರಡೂ ಕಾಣುತ್ತೆ.

ಅದೂ ಆಗಲಿಲ್ಲ ಅಂದರೆ ಕೋರ್ಟಿಗೇ ಹೋಗಿ. ಬೆಳಗ್ಗೆ ಕಲಾಪ ಶುರುವಾಗೋ ಹೊತ್ತಿಗೆ ಹೋಗಬೇಡಿ, ಬೆಂಚ್ ಕ್ಲರ್ಕ್ ತಲೆ ಎತ್ತಿಯೂ ನೋಡೋದಿಲ್ಲ, ಅವರ ತಪ್ಪೂ ಅಲ್ಲ. ಮಧ್ಯಾಹ್ನ ಊಟ ಆದಮೇಲೆ ಕ್ರಿಮಿನಲ್ ಶಾಖೆಯಲ್ಲಿ ಸಿಸಿ ರಿಜಿಸ್ಟರ್ ಕೇಳಿ. ದಪ್ಪ ಹೊತ್ತಿಗೆ, ಅಂಚೆಲ್ಲ ಸವೆದು ಹತ್ತಿಯ ಹಾಗಾಗಿರುತ್ತೆ. ಒಂದೊಂದು ಸಾಲಿಗೆ ಸಿಸಿ ನಂಬರ್, ಠಾಣೆ, ಕ್ರೈಂ ನಂಬರ್, ಆರೋಪಿಗಳ ಹೆಸರು, ಸೆಕ್ಷನ್. ಕೊನೇ ಕಾಲಂನಲ್ಲಿ ಕೆಂಪು ಶಾಯಿಯಲ್ಲಿ ಏನಾಯಿತು, ಯಾವತ್ತು ಅಂತ. ನಮ್ಮ ಕಾಲದಲ್ಲಿ ಆ ಕೆಂಪು ಶಾಯಿ ಬಿದ್ದ ಮೇಲೆ ಫೈಲ್ ಕಟ್ಟಿ ರೆಕಾರ್ಡ್ ರೂಮಿಗೆ ಕಳಿಸುತ್ತಿದ್ದೆವು.

ಬದುವಿನಂಚು
ಸರ್, ನಿಮಗೆ ದೊಡ್ಡ ನಮಸ್ಕಾರ. ಫೈಲ್ ಈಗಲೂ ಇರುತ್ತಾ? ಇಷ್ಟು ವರ್ಷ ಆಯಿತಲ್ಲ.

ಹಳೇಶಿರಸ್ತೇದಾರ್
ಫೈಲಿನ ಕೆಲವು ಭಾಗವನ್ನು ನಿಯಮದ ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ. ಸುಮ್ನೆ ಹರಿದು ಬಿಸಾಕೋದಲ್ಲ, ಅದಕ್ಕೂ ಲೆಕ್ಕ ಇರುತ್ತೆ. ಜಡ್ಜ್‌ಮೆಂಟನ್ನು ಮಿಕ್ಕ ಕಾಗದಕ್ಕಿಂತ ಜಾಸ್ತಿ ಕಾಲ ಇಡುತ್ತಾರೆ. ಒಂದು ವೇಳೆ ಇಲ್ಲ ಅಂದರೂ ಬಾಯಿಮಾತಿನ "ಇಲ್ಲ"ಕ್ಕೆ ವಾಪಸ್ ಬರಬೇಡಿ. ನಕಲು ಅರ್ಜಿ ಹಾಕಿ, ಬರವಣಿಗೆಯಲ್ಲಿ ಹಿಂಬರಹ ತಗೊಳ್ಳಿ. ಆ ಹಿಂಬರಹವೇ ನಿಮಗೆ ದಾಖಲೆ.

ಸೀದಾಮಾತು
ಕೋರ್ಟ್ ಗೇಟಿನ ಹತ್ತಿರ ಟೈಪಿಂಗ್ ಅಂಗಡಿಯವರಿಗೆ ಹೇಳಿದರೆ ಎರಡು ದಿನದಲ್ಲಿ ತಂದುಕೊಡುತ್ತಾರೆ. ಯಾಕೆ ಇಷ್ಟೆಲ್ಲ ತಲೆನೋವು?

ಕರಿಕೋಟು
ಅವರು ತಂದುಕೊಡೋದು ಯಾವುದೋ ಫೋನಲ್ಲಿ ತೆಗೆದ ಫೋಟೋದ ಜೆರಾಕ್ಸ್. ಅದನ್ನು ವೆರಿಫಿಕೇಶನ್ನಿಗೆ ಕೊಟ್ಟರೆ ವಾಪಸ್ ಕೊಡುತ್ತಾರೆ. ಬೇಕಿರೋದು ಸರ್ಟಿಫೈಡ್ ಕಾಪಿ. ಸೀಲು, ಸಹಿ, ಹಿಂದುಗಡೆ "ಅರ್ಜಿ ಹಾಕಿದ ದಿನ, ಸಿದ್ಧವಾದ ದಿನ, ಕೊಟ್ಟ ದಿನ" ಅಂತ ಮುದ್ರೆ. ಆ ತಾರೀಖುಗಳು ಸುಮ್ನೆ ಅಲ್ಲ. ಶಿಕ್ಷೆ ಆದವರು ಸೆಷನ್ಸ್‌ಗೆ ಮೇಲ್ಮನವಿ ಹಾಕಲು 30 ದಿನ ಇರುತ್ತೆ, ಕಾಪಿ ತಯಾರಾಗಲು ಹಿಡಿದ ಕಾಲವನ್ನು ಆ 30 ದಿನದ ಲೆಕ್ಕಕ್ಕೆ ಸೇರಿಸೋದಿಲ್ಲ.

ಅರ್ಜಿ ಸುಲಭ. ಕೇಸ್ ನಂಬರ್, ಮುಗಿದ ತಾರೀಖು, ಪಾರ್ಟಿ ಹೆಸರು, ಯಾವ ಕಾಗದ ಬೇಕು, ನೀವು ಆ ಕೇಸಿನಲ್ಲಿ ಯಾರು. ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕಾಪಿ ಸೆಕ್ಷನ್ನಿಗೆ ಕೊಡಿ. ನೀವು ಆರೋಪಿಯಾಗಿದ್ದವರು, ಆದ್ದರಿಂದ ಯಾಕೆ ಬೇಕು ಅಂತ ಜಾಸ್ತಿ ಕೇಳೋದಿಲ್ಲ. ಮೂರನೆಯವರಾದರೆ ಕಾರಣ ಹೇಳಿ ಅಫಿಡವಿಟ್ ಹಾಕಬೇಕು, ಕೊಡೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು.

ಅರಿಶಿನಕುಂಕುಮ
ಈ ಮೂರನೆಯವರ ವಿಷಯ ಬಂತಲ್ಲ, ಒಂದು ಕೇಳಲಾ? ಮಗಳಿಗೆ ಗಂಡು ನೋಡುತ್ತಿದ್ದೇವೆ. ಹುಡುಗನ ಮೇಲೆ ಕೇಸ್ ಇದೆಯಾ ಅಂತ ಇದೇ ಸೈಟಿನಲ್ಲಿ ನೋಡಬಹುದಾ?

ಗುಲ್ಬರ್ಗಾ_ಮಂದಿ
ನೋಡ್ರೀ ಮೇಡಂ, ಧಾರಾಳವಾಗಿ ನೋಡ್ರೀ. ಕೋರ್ಟು ಅಂದಮೇಲೆ ತೆರೆದ ಬಾಗಿಲು.

ನಾನವನಲ್ಲ
ದಯವಿಟ್ಟು ಸ್ವಲ್ಪ ತಾಳಿ. ನನ್ನ ಕಥೆ ಕೇಳಿ. ಬಾಡಿಗೆ ಮನೆಗೆ ಅಡ್ವಾನ್ಸ್ ಮಾತಾಡಿ ಬಂದಿದ್ದೆ. ಮರುದಿನ ಓನರ್ "ಮನೆ ಕೊಡೋಕಾಗಲ್ಲ" ಅಂದರು. ಕಾರಣ ಹೇಳಲಿಲ್ಲ. ವಾರ ಆದಮೇಲೆ ಬ್ರೋಕರ್ ಬಾಯಿಬಿಟ್ಟ: ನನ್ನ ಹೆಸರು ಹಾಕಿ ಹುಡುಕಿದ್ದಾರೆ, ಏಳು ಸಿಸಿ ಬಂದಿವೆ. ತೆಗೆದು ನೋಡಿದರೆ ಆ ಏಳರಲ್ಲಿ ಒಂದೂ ನನ್ನದಲ್ಲ. ನನ್ನದೇ ಹೆಸರು, ಇನಿಷಿಯಲ್ ಕೂಡ ಅದೇ. ಸೈಟಿನಲ್ಲಿ ಫೋಟೋ ಇಲ್ಲ, ಯಾವ ಊರಿನವನು ಅಂತ ಪಟ್ಟಿಯಲ್ಲಿ ಇಲ್ಲ. ನಮ್ಮಲ್ಲಿ ಮಂಜುನಾಥ, ರಮೇಶ ಅನ್ನೋ ಹೆಸರಿಟ್ಟುಕೊಂಡವರು ಮನೆ ಬಾಡಿಗೆಗೆ ಪಡೆಯೋದೇ ಬೇಡವಾ?

ಕರಿಕೋಟು
ಇದಕ್ಕೆ ನನ್ನದೂ ಒಂದು ಸೇರಿಸಿ. ಸಿಸಿ ನಂಬರ್ ಅಂದ ಕೂಡಲೇ ಹೊಡೆದಾಟ, ಕಳ್ಳತನ ಅಂದುಕೊಳ್ಳುತ್ತಾರೆ. ಚೆಕ್ ಬೌನ್ಸ್ ಕೇಸಿಗೂ ಸಿಸಿ ನಂಬರೇ. ಸೆಕ್ಷನ್ ಏನು ಅಂತ ಬಿಚ್ಚಿ ನೋಡದೆ ತೀರ್ಪು ಕೊಡಬೇಡಿ. ಆರೋಪ ಬೇರೆ, ಅಪರಾಧ ಸಾಬೀತಾಗೋದು ಬೇರೆ.

ಅರಿಶಿನಕುಂಕುಮ
ನಾನು ತೀರ್ಪು ಕೊಡುತ್ತಿಲ್ಲ ಸರ್, ತಾಯಿ ಅಷ್ಟೇ. ಕೇಳಿದರೆ ತಪ್ಪಾ?

ಹಳೇಶಿರಸ್ತೇದಾರ್
ತಪ್ಪಿಲ್ಲಮ್ಮ. ಆದರೆ ಸೈಟಿನಲ್ಲಿ "ಏನೂ ಇಲ್ಲ" ಅಂತ ಬಂದರೆ ಅದನ್ನೂ ನಂಬಿ ಕೂರಬೇಡಿ. ಹಳೇ ಕೇಸುಗಳಲ್ಲಿ ಕಂಪ್ಯೂಟರಿಗೆ ಏರದೆ ಉಳಿದವು ಇವೆ. ತನಿಖೆಯಲ್ಲೇ ಬಿ ರಿಪೋರ್ಟ್ ಆಗಿ, ಅಂದರೆ ಕೇಸು ನಡೆಸುವಂಥದ್ದೇನೂ ಸಿಗಲಿಲ್ಲ ಅಂತ ಪೊಲೀಸರೇ ವರದಿ ಕೊಟ್ಟು, ಮುಚ್ಚಿದ್ದಕ್ಕೆ ಸಿಸಿ ನಂಬರೇ ಬಿದ್ದಿರೋದಿಲ್ಲ. ಪೋಕ್ಸೋ, ಅತ್ಯಾಚಾರದ ಕೇಸುಗಳಲ್ಲಿ ನೊಂದವರ ಗುರುತು ಹೊರಗೆ ಬರುವಂತಿಲ್ಲ, ಆದ್ದರಿಂದ ಅವುಗಳ ವಿವರ ಸಿಗಬೇಕು ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. 18 ತುಂಬದವರದು ಬಾಲನ್ಯಾಯ ಮಂಡಳಿಗೆ ಹೋಗುತ್ತೆ, ಅದರ ಗುರುತು ಹೊರಗೆ ಹಾಕೋದೇ ಅಪರಾಧ. ಹುಡುಗನ ಊರಿಗೆ ಒಂದು ಸಲ ಹೋಗಿ ಬನ್ನಿ. ಅದು ಈ ಸೈಟಿಗಿಂತ ಜಾಸ್ತಿ ಹೇಳುತ್ತೆ.

ಮೂರಕ್ಷರ
ಹಾಗಾದರೆ ಚಾರ್ಜ್‌ಶೀಟನ್ನೂ ಆನ್‌ಲೈನಿನಲ್ಲಿ ಹಾಕಿಬಿಟ್ಟರೆ ಆಯಿತಲ್ಲ? ಎಫ್‌ಐಆರ್ ಹಾಕುತ್ತಾರಲ್ವಾ.

ಕರಿಕೋಟು
ಎಫ್‌ಐಆರ್ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 24 ಗಂಟೆಯಲ್ಲಿ, ಸೂಕ್ಷ್ಮ ಕೇಸುಗಳನ್ನು ಬಿಟ್ಟು. ಹಾಗಾಗಿ ಪೊಲೀಸರ ಸೈಟಿನಲ್ಲಿ 2013ರದ್ದು ಸಿಗುತ್ತೆ ಅಂತ ಆಸೆ ಬೇಡ. ಚಾರ್ಜ್‌ಶೀಟಿಗೂ ಹಾಗೇ ಮಾಡಿ ಅಂತ ಒಬ್ಬರು ಹೋದಾಗ 2023ರ ಜನವರಿಯಲ್ಲಿ ಅದೇ ಕೋರ್ಟ್ ಒಪ್ಪಲಿಲ್ಲ. ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆ ಅಲ್ಲ ಅಂದಿತು. ಅದರೊಳಗೆ ಸಾಕ್ಷಿಗಳ ಹೇಳಿಕೆ, ವಿಳಾಸ ಎಲ್ಲ ಇರುತ್ತೆ. ಆರೋಪಿಗೆ ಮಾತ್ರ ಪುಕ್ಕಟೆ ಕೊಡಲೇಬೇಕು. ಸಿಆರ್‌ಪಿಸಿ ಬದಲು ಬಂದಿರೋ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 230ರಲ್ಲಿ ಹಾಜರಾದ 14 ದಿನದೊಳಗೆ ಅಂತ ಇದೆ, ವಕೀಲರ ಮೂಲಕ ಬಂದ ನೊಂದವರಿಗೂ ಅನ್ವಯ.

ಕಡಲಕರೆ
ಖುಲಾಸೆ ಆದವರ ಹೆಸರು ಜೀವಮಾನ ಪೂರ್ತಿ ಸೈಟಿನಲ್ಲಿ ಇರಬೇಕಾ? ಅದು ಯಾವ ನ್ಯಾಯ?

ಮೂರಕ್ಷರ
2017ರಲ್ಲಿ ನಮ್ಮ ಹೈಕೋರ್ಟಿಗೇ ಒಬ್ಬ ತಂದೆ ಹೋಗಿದ್ದರು, ಮಗಳ ಹೆಸರು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗಬಾರದು ಅಂತ. ಕೋರ್ಟ್ ಒಪ್ಪಿತು. ಆದರೆ ಸರ್ಟಿಫೈಡ್ ಕಾಪಿ ತಗೊಂಡರೆ ಅದರಲ್ಲಿ ಹೆಸರು ಇದ್ದೇ ಇರುತ್ತೆ ಅಂತಲೂ ಹೇಳಿತು. ಅಳಿಸೋದಲ್ಲ, ಹುಡುಕಾಟಕ್ಕೆ ಸಿಗದ ಹಾಗೆ ಮಾಡೋದು.

ಹಾಸನದ_ಹುಳಿ
ಮೂಲ ಪ್ರಶ್ನೆ ಕೇಳಿದವರು ಎಲ್ಲಿ? ಗಂಡು ನೋಡೋಕೆ ಹೋದರಾ?

ಬದುವಿನಂಚು
ಇಲ್ಲೇ ಇದ್ದೇನೆ. ಊರಿಗೆ ಹೋಗಿದ್ದೆ.

ಅಪ್ಪನ ಕಬ್ಬಿಣದ ಟ್ರಂಕಿನ ತಳದಲ್ಲಿ ಹಳೇ ಸ್ಟೇಷನ್ ಜಾಮೀನಿನ ಕಾಗದ ಸಿಕ್ಕಿತು. ಮಡಿಕೆ ಬಿದ್ದ ಜಾಗದಲ್ಲಿ ಹರಿದಿತ್ತು, ಆದರೆ ಮೊ.ನಂ. ಕಾಣುತ್ತಿತ್ತು. ಐಪಿಸಿ ಸೆಕ್ಷನ್ 341 (ಅಡ್ಡಗಟ್ಟಿದ್ದು), 323 (ಹೊಡೆದದ್ದು), 504 (ಕೆರಳಿಸುವಂತೆ ಬೈದದ್ದು), 506 (ಬೆದರಿಸಿದ್ದು), ಜೊತೆಗೆ 34 (ಎಲ್ಲರೂ ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು). ಶಿರಸ್ತೇದಾರ್ ಸರ್ ಹೇಳಿದ ಹಾಗೆ ಎಫ್‌ಐಆರ್ ನಂಬರಿನಲ್ಲಿ ಹುಡುಕಿದೆ.

ಎರಡು ಸಿಸಿ ಬಂದವು.

ಒಂದು 2014ರದ್ದು. ದೊಡ್ಡಪ್ಪನ ಹೆಸರು, "ಮತ್ತು ಇತರರು". 2016ರಲ್ಲಿ ಖುಲಾಸೆ. ಇನ್ನೊಂದು 2015ರದ್ದು. ಅದರಲ್ಲಿ ನನ್ನೊಬ್ಬನ ಹೆಸರೇ ಇದೆ. ಅಪ್ಪನ ಹೆಸರನ್ನೂ ನನ್ನ ಹೆಸರನ್ನೂ ಸೇರಿಸಿ ಒಂದೇ ಪದ ಮಾಡಿದ್ದಾರೆ, ಅದಕ್ಕೇ ಮೊದಲು ಸಿಕ್ಕಿರಲಿಲ್ಲ. ಅದು ಪೆಂಡಿಂಗ್. ಎನ್‌ಬಿಡಬ್ಲ್ಯೂ ಅಂತ ತೋರಿಸುತ್ತಿದೆ. ಅಂದರೆ ಏನು?

ಹಳೇಶಿರಸ್ತೇದಾರ್
ಸ್ಪ್ಲಿಟ್ ಅಪ್ ಕೇಸು. ನನಗೆ ಮೊದಲೇ ಅನುಮಾನ ಇತ್ತು, ಹೇಳಿ ಹೆದರಿಸೋದು ಬೇಡ ಅಂತ ಸುಮ್ಮನಿದ್ದೆ.

ನಡೆದದ್ದು ಇಷ್ಟು ಇರಬೇಕು. ನಿಮ್ಮ ದೊಡ್ಡಪ್ಪ, ಮಕ್ಕಳು ಕೋರ್ಟಿಗೆ ಹಾಜರಾಗಿದ್ದಾರೆ. ನಿಮಗೆ ಹೋದ ಸಮನ್ಸ್ ಊರಿನ ವಿಳಾಸದಿಂದ "ಸಿಗಲಿಲ್ಲ" ಅಂತ ವಾಪಸ್ ಬಂದಿದೆ. ಜಾಮೀನಿಲ್ಲದ ವಾರಂಟ್ ಹೊರಟಿದೆ, ಅದೇ ಎನ್‌ಬಿಡಬ್ಲ್ಯೂ. ನಿಮ್ಮೊಬ್ಬರಿಗಾಗಿ ಮಿಕ್ಕವರ ಕೇಸು ನಿಲ್ಲಿಸೋಕಾಗುತ್ತಾ? ಆದ್ದರಿಂದ ನಿಮ್ಮನ್ನು ಬೇರೆ ಮಾಡಿ ಹೊಸ ಸಿಸಿ ನಂಬರ್ ಹಾಕಿದ್ದಾರೆ. ನಿಮ್ಮ ದೊಡ್ಡಪ್ಪ ಸುಳ್ಳು ಹೇಳಿಲ್ಲ. ಅವರ ಕೇಸು ಖುಲಾಸೆ ಆಗಿದೆ, ನಿಮ್ಮದು ಆಗಿಲ್ಲ.

ಬದುವಿನಂಚು
ಹತ್ತು ವರ್ಷದಿಂದ ನನ್ನ ಮೇಲೆ ವಾರಂಟ್ ಇದೆ ಅಂತಾನಾ? ನಾನು ಪ್ರತಿ ದೀಪಾವಳಿಗೆ ಊರಿಗೆ ಹೋಗುತ್ತೇನೆ!

ಕರಿಕೋಟು
ಇದೆ. ವಾರಂಟಿಗೆ ಎಕ್ಸ್‌ಪೈರಿ ಡೇಟ್ ಇರೋದಿಲ್ಲ. ಜಾರಿ ಆಗೋವರೆಗೆ ಇಲ್ಲವೇ ಕೋರ್ಟ್ ರದ್ದು ಮಾಡೋವರೆಗೆ ಜೀವಂತ. ಗಾಬರಿ ಬೇಡ, ಆದರೆ ಇವತ್ತೇ ಒಬ್ಬ ವಕೀಲರನ್ನು ಹಿಡಿಯಿರಿ. ಕಾಪಿ ಸೆಕ್ಷನ್ನಿಗೆ ಒಬ್ಬರೇ ಹೋಗಿ "ನಾನೇ ಅವನು" ಅಂತ ನಿಲ್ಲಬೇಡಿ. ವಕಾಲತ್ತು ಹಾಕಿ, ವಕೀಲರ ಜೊತೆ ನೀವಾಗಿಯೇ ಹಾಜರಾಗಿ ವಾರಂಟ್ ರೀಕಾಲ್‌ಗೆ ಅರ್ಜಿ ಕೊಡಿ. ಯಾಕೆ ಬರಲಿಲ್ಲ ಅನ್ನೋದನ್ನು ಇದ್ದಂತೆ ಹೇಳಿ. ನಿಮ್ಮ ಸೆಕ್ಷನ್‌ಗಳೆಲ್ಲ ಜಾಮೀನು ಸಿಗುವಂಥವು, ರಾಜಿ ಆಗುವಂಥವೂ ಹೌದು.

ಜೊತೆಗೆ 2014ರ ಕೇಸಿನ ಜಡ್ಜ್‌ಮೆಂಟಿನ ಸರ್ಟಿಫೈಡ್ ಕಾಪಿ ಖಂಡಿತ ತಗೊಳ್ಳಿ. ಸಾಕ್ಷಿಗಳು ತಿರುಗಿ ಬಿದ್ದು ಖುಲಾಸೆ ಆಗಿದ್ದರೆ, ಅದೇ ಸಾಕ್ಷಿ ಇಟ್ಟುಕೊಂಡು ನಿಮ್ಮೊಬ್ಬರ ಮೇಲೆ ಮತ್ತೆ ನಡೆಸಿ ಏನು ಪ್ರಯೋಜನ ಅಂತ ಹೈಕೋರ್ಟಿನಲ್ಲಿ ರದ್ದು ಕೇಳಬಹುದು. ಇಂಥ ಸ್ಪ್ಲಿಟ್ ಅಪ್ ಕೇಸುಗಳು ಹಾಗೆ ರದ್ದಾದದ್ದಿವೆ.

ಗುಲ್ಬರ್ಗಾ_ಮಂದಿ
ಹೈಕೋರ್ಟ್ ಯಾಕ್ರೀ? ಎದುರು ಪಾರ್ಟಿ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ಒಂದೇ ದಿನಕ್ಕೆ ರಾಜಿ. ರಾಜಿ ಆದರೂ ಖುಲಾಸೆ ಆದಂಗೇ ಲೆಕ್ಕ.

ಮೂರಕ್ಷರ
ಪಾಸ್‌ಪೋರ್ಟ್ ಕಥೆ? ಪೆಂಡಿಂಗ್ ಇದ್ದರೆ ಕೊಡೋದೇ ಇಲ್ಲವಾ?

ಕರಿಕೋಟು
ಕೇಸು ನಡೆಯುತ್ತಿರುವ ಕೋರ್ಟಿನಿಂದಲೇ ಅನುಮತಿ ಆದೇಶ ತರಬೇಕು. 1993ರ ಒಂದು ಅಧಿಸೂಚನೆ ಇದೆ. ಆದೇಶದಲ್ಲಿ ಅವಧಿ ಬರೆಯದಿದ್ದರೆ ಒಂದು ವರ್ಷಕ್ಕೆ ಮಾತ್ರ ಪಾಸ್‌ಪೋರ್ಟ್ ಕೊಡುತ್ತಾರೆ. ಅದಕ್ಕೇ ಅರ್ಜಿಯಲ್ಲಿ ಇಷ್ಟು ವರ್ಷಕ್ಕೆ ಅಂತ ಕೇಳಿ, ಆದೇಶದಲ್ಲೂ ಬರೆಸಿ. ಎಲ್ಲಕ್ಕಿಂತ ಮೊದಲು ವಾರಂಟ್.

ಸೀದಾಮಾತು
ನಾನು ಆರ್‌ಟಿಐ ಅಂದಿದ್ದು ವಾಪಸ್ ತಗೊಂಡೆ.

ಹಾಸನದ_ಹುಳಿ
ಸರ್ಟಿಫೈಡ್ ಕಾಪಿ ಕೊಡಿ, ಆಮೇಲೆ ನಂಬುತ್ತೇವೆ.

ಬದುವಿನಂಚು
ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ವಕೀಲರ ಜೊತೆ ಹಾಜರಾದೆ. ಮ್ಯಾಜಿಸ್ಟ್ರೇಟರು ಆರ್ಡರ್ ಶೀಟ್ ತಿರುವಿ ಹಾಕಿದರು. ಮೇಲಿಂದ ಕೆಳಗೆ ಒಂದೇ ಸಾಲು, ಎಷ್ಟು ಸಲ ಬರೆದಿದ್ದಾರೋ: "ಆರೋಪಿ ಗೈರು, ಎನ್‌ಬಿಡಬ್ಲ್ಯೂ ಮರು ಹೊರಡಿಸಿ." ಕೈಬರಹ ಮಾತ್ರ ಬದಲಾಗುತ್ತಾ ಬಂದಿದೆ. ಎಲ್ಲಿದ್ದಿರಿ ಅಂತ ಕೇಳಿದರು. ಬೆಂಗಳೂರಿನಲ್ಲಿ, ಗೊತ್ತಿರಲಿಲ್ಲ ಅಂದೆ. ಸ್ವಲ್ಪ ಬೈದರು, ದಂಡ ಹಾಕಿದರು, ವಾರಂಟ್ ರೀಕಾಲ್ ಆಯಿತು.

ಜಡ್ಜ್‌ಮೆಂಟ್ ಕಾಪಿಯೂ ಬಂತು. ಒಂಬತ್ತು ಪುಟ, ಕನ್ನಡದಲ್ಲಿದೆ. ದೂರುದಾರರೇ ಕೋರ್ಟಿಗೆ ಬಂದು "ಕತ್ತಲಲ್ಲಿ ಯಾರು ಹೊಡೆದರೋ ಗೊತ್ತಾಗಲಿಲ್ಲ" ಅಂದಿದ್ದಾರೆ. ಜಗಳ ಆಗಿದ್ದು ಮಟಮಟ ಮಧ್ಯಾಹ್ನ. ವಕೀಲರು ನಕ್ಕುಬಿಟ್ಟರು. ಅದನ್ನಿಟ್ಟುಕೊಂಡು ಹೈಕೋರ್ಟಿಗೆ ಹಾಕೋಣ ಅಂತಿದ್ದಾರೆ.

ಒಂದು ಮಾತು ಬಿಟ್ಟೆ. ಜಾಮೀನಿಗೆ ಒಬ್ಬರು ಬೇಕಿತ್ತು, ಪಹಣಿ ಸಮೇತ. ಬೆಂಗಳೂರಿನ ಸ್ನೇಹಿತರ ಹತ್ತಿರ ಪಹಣಿ ಎಲ್ಲಿಂದ ಬರಬೇಕು? ಕೊನೆಗೆ ದೊಡ್ಡಪ್ಪನ ದೊಡ್ಡ ಮಗನಿಗೆ ಫೋನ್ ಮಾಡಿದೆ. ಆರು ವರ್ಷ ಆಗಿತ್ತು ಮಾತಾಡಿ. "ಎಷ್ಟು ಗಂಟೆಗೆ ಬರಲಿ" ಅಂದ, ಅಷ್ಟೇ. ಅವನು ತಂದ ಪಹಣಿ ಅದೇ ಬದುವಿನ ಸರ್ವೆ ನಂಬರಿನದು.

ಕಡಲಕರೆ
ಬದು ಈಗ ಯಾರ ಕಡೆಗಿದೆ ಮಾರಾಯ್ರೆ?

ಬದುವಿನಂಚು
ಅದಕ್ಕೆ ಸಿವಿಲ್ ಕೇಸ್ ಬೇರೆ ಇದೆಯಂತೆ. ಅಣ್ಣ ಕೋರ್ಟಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ ಹೇಳಿದ.

ಅಂಚೆಪೆಟ್ಟಿಗೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಪಿಸಿಆರ್, 2009. ಆಗ ಒಂದೇ ಇದ್ದ ತಾಲ್ಲೂಕು ಈಗ ಎರಡಾಗಿದೆ. ಫೈಲ್ ಯಾವ ಕೋರ್ಟಿನಲ್ಲಿರುತ್ತೆ?

ಹಳೇಶಿರಸ್ತೇದಾರ್
ಮುಗಿದದ್ದಾದರೆ ಮೊದಲು ಹಳೇ ಕೋರ್ಟಿನಲ್ಲೇ ಕೇಳಿ. ಬಾಕಿ ಇದ್ದದ್ದಾದರೆ ವರ್ಗ ಆಗಿರಬಹುದು, ವರ್ಗದ ಪಟ್ಟಿಯೂ ಹಳೇ ಕೋರ್ಟಿನಲ್ಲೇ ಇರಬೇಕು. ಮುಗಿದದ್ದಾ ಬಾಕಿನಾ, ಅದನ್ನು ಹೇಳಿ ಮೊದಲು.